ಇನ್ನೆರಡು ವರ್ಷ ತಡಿ

ಟೈಲರಮ್ಮನ ಮನೆಯಲ್ಲಿ ಹಾಲ್ ಬಿಟ್ಟರೆ ಮೂರು ಕೋಣೆ. ಒಂದರಲ್ಲಿ ಗಂಡ ಹೆಂಡತಿ ಮಲಗುತ್ತಾರೆ. ಇನ್ನೊಂದರಲ್ಲಿ ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಗಿರಾಕಿಗಳ ಗಂಟುಮೂಟೆ. ಮೂರನೆಯದರಲ್ಲಿ ಜಿರಳೆಗಳ ವಾಸ. ಜಿರಳೆ ಎಂದು ಹೆಸರಿಟ್ಟವಳು ಅವಳೇ. ಗಂಡನನ್ನು ಕೇಳಿದರೆ ಅವು ಪ್ರೊಸೆಸರುಗಳು, ಹಳೇ ಕಂಪ್ಯೂಟರುಗಳ ಮೆದುಳು, ಈಗ ಯಾರೂ ತಯಾರಿಸದ ಅಪರೂಪದ ವಸ್ತು. ಆದರೆ ಕಪ್ಪು ಮೈ, ಎರಡೂ ಬದಿಗೆ ಸಾಲಾಗಿ ಪುಟ್ಟ ಪುಟ್ಟ ಕಾಲು, ನೆಲದ ಮೇಲೆ ಅಂಗಾತ ಬಿದ್ದಿದ್ದರೆ ಕೈ ತಾನಾಗಿಯೇ ಪೊರಕೆ ಹುಡುಕುತ್ತದೆ. ಅಂಥದ್ದನ್ನು ಇನ್ನೇನೆಂದು ಕರೆಯಬೇಕು?

ಈ ಚಟ ಅವನಿಗೆ ಅಂಟಿದ್ದು ಕೆಲಸದಿಂದ. ಅವನು ಲಿಫ್ಟ್ ಮೆಕ್ಯಾನಿಕ್ಕು. ದೊಡ್ಡ ದೊಡ್ಡ ಆಫೀಸಿನವರು ಹಳೇ ಕಂಪ್ಯೂಟರುಗಳನ್ನು ಎಸೆಯುವಾಗ ಅವು ಕೆಳಗಿಳಿಯುವುದು ಲಿಫ್ಟಿನಲ್ಲೇ ತಾನೆ? ಹದಿನೆಂಟು ವರ್ಷದ ಹಿಂದೆ ಒಂದು ದಿನ ಅಂಥದ್ದೊಂದನ್ನು ಕೇಳಿ ಪಡೆದು, ಬಿಚ್ಚಿ, ಒಳಗಿದ್ದ ಚಿಪ್ಪನ್ನು ಕರ್ಚೀಪಿನಲ್ಲಿ ಸುತ್ತಿ ಮನೆಗೆ ತಂದ. ತನ್ನನ್ನು ಮದುವೆಯಾಗಿ ಕರೆತಂದಾಗಲೂ ಇಷ್ಟು ಜೋಪಾನ ಮಾಡಿರಲಿಲ್ಲ ಎನ್ನುವುದು ಟೈಲರಮ್ಮನ ಅನುಭವದ ಮಾತು. ಆಮೇಲೆ ಗುಜರಿ ಅಂಗಡಿ, ಹರಾಜು, ಇವನಂಥದೇ ಹುಚ್ಚು ಹಿಡಿದ ನಾಲ್ಕು ಜನರ ಸ್ನೇಹ, ಎಲ್ಲ ಸೇರಿ ಒಂದಿದ್ದದ್ದು ಮುನ್ನೂರ ನಲವತ್ತಾಯಿತು. ಎರಡು ಕಬ್ಬಿಣದ ಬೀರು, ಇಪ್ಪತ್ತೆರಡು ಡಬ್ಬ. ಆ ಕೋಣೆಯಲ್ಲಿ ಮನುಷ್ಯರು ಅಡ್ಡಡ್ಡ ನಡೆಯಬೇಕು.

"ನೋಡು, ಇದನ್ನ ಮಾಡೋ ಕಾರ್ಖಾನೆನೇ ಈಗಿಲ್ಲ," ಎಂದು ಅವನು ಪಾಠ ಶುರು ಮಾಡುತ್ತಿದ್ದ. "ಇರೋದನ್ನೂ ಜನ ಚಿನ್ನ ತೆಗೀಬೇಕು ಅಂತ ಕರಗಿಸ್ತಾ ಇದಾರೆ. ವರ್ಷ ವರ್ಷಕ್ಕೂ ಕಮ್ಮಿ ಆಗ್ತವೆ. ಕಮ್ಮಿ ಆದ ಹಾಗೆಲ್ಲ ಬೆಲೆ ಏರತ್ತೆ. ಇನ್ನೆರಡು ವರ್ಷ ತಡಿ."

ಆ ಎರಡು ವರ್ಷ ಮಾತ್ರ ಒಂದು ದಿನವೂ ಸವೆಯಲಿಲ್ಲ. ಫ್ರಿಜ್ಜು ಕೆಟ್ಟಾಗ ಇನ್ನೆರಡು ವರ್ಷ ಇತ್ತು. ಮಗಳು ಕಾಲೇಜು ಸೇರಿದಾಗ ಇನ್ನೆರಡು ವರ್ಷ ಇತ್ತು. ಅದೇ ಮಗಳು ಓದು ಮುಗಿಸಿ, ಕೆಲಸ ಹಿಡಿದು, ಬೇರೆ ಮನೆ ಮಾಡಿಕೊಂಡು ಹೋದಾಗಲೂ ಸರಿಯಾಗಿ ಇನ್ನೆರಡೇ ವರ್ಷ ಬಾಕಿ ಇತ್ತು. ಟೈಲರಮ್ಮ ಗಿರಾಕಿಗಳಿಗೆ ನಾಳೆ ಬನ್ನಿ, ನಾಡಿದ್ದು ಬನ್ನಿ ಎಂದು ಹೇಳುವವಳೇ. ಆದರೆ ಅವಳ ನಾಳೆ ಹೆಚ್ಚೆಂದರೆ ಒಂದು ವಾರಕ್ಕೆ ಬಂದುಬಿಡುತ್ತಿತ್ತು.

ಹಾಗಂತ ಈ ಹುಚ್ಚಿನಲ್ಲಿ ಅವಳ ಕೈ ಇರಲೇ ಇಲ್ಲ ಎನ್ನುವಂತಿಲ್ಲ. ಗುಜರಿಯಿಂದ ಬಂದ ಚಿಪ್ಪುಗಳ ಕಾಲು ಸೊಟ್ಟಗಾಗಿರುತ್ತಿದ್ದವು. ಸ್ಪ್ಯಾನರ್ ಹಿಡಿದು ದಪ್ಪಗಾದ ಗಂಡನ ಬೆರಳಿಗೆ ಅವನ್ನು ನೆಟ್ಟಗೆ ಮಾಡಲು ಬಾರದು. "ಇದೊಂದು ನೋಡೇ," ಎಂದು ಅವಳ ಮುಂದಿಟ್ಟು ನಿಲ್ಲುತ್ತಿದ್ದ. ಅವಳು ಗೊಣಗುತ್ತಲೇ ಸಣ್ಣ ಸೂಜಿ ತೆಗೆದುಕೊಂಡು, ಒಂದೊಂದೇ ಕಾಲನ್ನು ಮೆಲ್ಲಗೆ ಎಬ್ಬಿಸಿ ಸಾಲಿಗೆ ತರುತ್ತಿದ್ದಳು. ಗೊಣಗಾಟ ಮುಗಿಯುವುದಕ್ಕೂ ನಲವತ್ತನೇ ಕಾಲು ನೆಟ್ಟಗಾಗುವುದಕ್ಕೂ ಸರಿಹೋಗುತ್ತಿತ್ತು. ಮೂರು ವರ್ಷದಿಂದ ಅವನು ಹೊಸದನ್ನು ತರುವುದು ನಿಂತಿತ್ತು. ತನ್ನ ಬೈಗುಳ ಕೊನೆಗೂ ಕೆಲಸ ಮಾಡಿತೆಂದು ಅವಳು ಒಳಗೊಳಗೇ ಬೀಗಿದ್ದಳು.

ಹೀಗಿರುವಾಗ ಅವಳ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಶನಿವಾರ ಆಸ್ಪತ್ರೆಯಿಂದ ಬಿಡುತ್ತಾರೆ. ಇಷ್ಟು ದಿನ ತಾಯಿ ಇದ್ದದ್ದು ತಮ್ಮನ ಮನೆಯಲ್ಲಿ. ಅದು ಮೂರನೇ ಮಹಡಿ, ಲಿಫ್ಟಿಲ್ಲ. ಲಿಫ್ಟ್ ಮೆಕ್ಯಾನಿಕ್ಕಿನ ಭಾವಮೈದುನನ ಮನೆಗೇ ಲಿಫ್ಟಿಲ್ಲವಲ್ಲ ಎಂದು ಆಸ್ಪತ್ರೆಯ ಹೊರಗೆ ತಮ್ಮನೇ ನಕ್ಕ. ನಗುವ ಹೊತ್ತಲ್ಲ ಎಂದು ಅವನಿಗೂ ಗೊತ್ತಿತ್ತು, ಪಾಪ. ಟೈಲರಮ್ಮನ ಮನೆ ನೆಲಮಹಡಿ. ಅಮ್ಮ ಇಲ್ಲಿಗೆ ಬರಬೇಕು, ಆ ಚಿಕ್ಕ ಕೋಣೆ ಖಾಲಿಯಾಗಬೇಕು. ಇದರಲ್ಲಿ ಯೋಚಿಸುವುದಕ್ಕೆ ಏನಿದೆ?

"ಅತ್ತೆ ಬರಲಿ, ಖಂಡಿತ ಬರಲಿ," ಎಂದ ಗಂಡ. "ನಮ್ಮ ಕೋಣೆ ಅವರಿಗೆ ಬಿಟ್ಟುಕೊಡೋಣ."

"ನಾವೆಲ್ಲಿ ಮಲಗೋದು?"

"ಹಾಲ್‌ನಲ್ಲಿ."

"ಈ ವಯಸ್ಸಲ್ಲಿ ನಾನು ನೆಲದ ಮೇಲೆ, ಜಿರಳೆಗಳು ಕೋಣೇಲಿ. ಭಾಳ ಚೆನ್ನಾಗಿದೆ ರೀ. ಮಾರಿಬಿಡಿ ಅಂದ್ರೆ ಮಾರಿಬಿಡಿ. ಅಮ್ಮನಿಗೆ ಎತ್ತಿ ಇಳಿಸೋ ಮಂಚ ಬೇಕು, ನೋಡ್ಕೊಳ್ಳೋಕೆ ಒಬ್ಬಳು ಬೇಕು. ಅದಕ್ಕೂ ಆಗತ್ತೆ."

"ಮಾರೋಣ. ಆದ್ರೆ ಈಗ ಸಮಯ ಸರಿ ಇಲ್ಲ ಕಣೇ. ಇನ್ನೆರಡು ವರ್ಷ..."

"ಹೋಗಲಿ, ಡಬ್ಬಗಳನ್ನ ತೆಗೆದು ಹಾಲ್‌ನಲ್ಲಾದ್ರೂ ಇಡಿ."

"ಅಲ್ಲಾಡಿಸಬಾರದು. ಸೂಕ್ಷ್ಮ ವಸ್ತು. ನೀನಂತೂ ಮುಟ್ಟಲೇಬೇಡ."

ತನ್ನ ಹಾಸಿಗೆ ಬಿಟ್ಟುಕೊಡುತ್ತಾನೆ, ನೆಲದ ಮೇಲೆ ಮಲಗುತ್ತಾನೆ, ಅತ್ತೆಯ ಸೇವೆಗೆ ರಜೆ ಹಾಕುತ್ತೇನೆ ಅನ್ನುತ್ತಾನೆ. ಡಬ್ಬ ತೆಗಿ ಎಂದರೆ ಮಾತ್ರ ಕಲ್ಲಿನ ಹಾಗೆ ಕೂತುಬಿಡುತ್ತಾನೆ. ಟೈಲರಮ್ಮನ ಪಿತ್ತ ನೆತ್ತಿಗೇರಿತು. ದುರಾಸೆಯವರು ಎಂದಳು. ತನ್ನ ಹೆತ್ತ ತಾಯಿಗಿಂತ ಗುಜರಿ ಹೆಚ್ಚಾಯಿತೇ ಎಂದು ಕೇಳಿದಳು. ಹೇಳಬಾರದ ಇನ್ನೂ ಎರಡು ಮಾತು ಹೇಳಿದಳು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, ಟೂಲ್ ಬ್ಯಾಗ್ ಹೆಗಲಿಗೇರಿಸಿ ಕೆಲಸಕ್ಕೆ ಹೋದ.

ಅವನು ಬಾಗಿಲು ಹಾಕಿದ ಸದ್ದು ಕೇಳಿದ್ದೇ ತಡ, ಅವಳು ಅವನ ಹಳೇ ಡೈರಿ ತೆಗೆದು ಭೂತಗನ್ನಡಿಗೆ ಫೋನ್ ಮಾಡಿದಳು. ಭೂತಗನ್ನಡಿ ಎಂದರೆ ಆ ನಾಲ್ಕು ಹುಚ್ಚರಲ್ಲಿ ಹಿರಿಯ. ಕಣ್ಣಿಗೆ ಒತ್ತಿಕೊಳ್ಳುವ ಸಣ್ಣ ಮಸೂರವೊಂದು ಸದಾ ಕೊರಳಲ್ಲಿ ನೇತಾಡುತ್ತಿದ್ದುದರಿಂದ ಅವನಿಗೂ ಅವಳೇ ಇಟ್ಟ ಹೆಸರು. ಚಿಪ್ಪುಗಳನ್ನು ಕೊಂಡು ಮಾರುವುದೇ ಅವನ ವ್ಯಾಪಾರ.

"ನಿಮ್ಮವರು ಮಾರ್ತಾರಾ?" ಎಂದು ಅವನು ಆಶ್ಚರ್ಯಪಟ್ಟ. "ಯಾವುದನ್ನ?"

"ಎಲ್ಲಾನೂ," ಎಂದಳು ಟೈಲರಮ್ಮ.

ಹನ್ನೊಂದು ಗಂಟೆಗೆ ಅವನು ಬಂದ. ಇಬ್ಬರೂ ಅಡ್ಡಡ್ಡ ನಡೆದು ಕೋಣೆಯೊಳಗೆ ಸೇರಿಕೊಂಡರು. ಬೀರುವಿನಲ್ಲಿ ಮೇಲುಗಡೆಯೇ ಪ್ಲಾಸ್ಟಿಕ್ ತಟ್ಟೆಯಲ್ಲಿ ಒಂಬತ್ತು ಚಿಪ್ಪುಗಳಿದ್ದವು, ಗಂಡ ಕೊನೆಗೆ ತಂದವು. ಭೂತಗನ್ನಡಿ ಒಂದೊಂದನ್ನೂ ಮಸೂರದಡಿ ಹಿಡಿದು, ಚೆನ್ನಾಗಿದೆ, ಚೆನ್ನಾಗಿದೆ ಎಂದು ಗೋಣು ಆಡಿಸಿದ. ಟೈಲರಮ್ಮನಿಗೆ ಉತ್ಸಾಹ ಬಂತು. ಅಸಲು ಮಾಲು ಡಬ್ಬಗಳಲ್ಲಿದೆ ಎಂದು ತಾನೇ ಒಂದನ್ನು ಎಳೆದು ಅವನ ಮುಂದಿಟ್ಟಳು.

ಆ ಡಬ್ಬಗಳೆಂದರೆ ಅವಳಿಗೂ ಒಂದು ಅಭಿಮಾನ. ಹನ್ನೆರಡು ವರ್ಷದ ಕೆಳಗೆ ಚಿಪ್ಪುಗಳ ಕಾಲು ಮತ್ತೆ ಮತ್ತೆ ಬಾಗುತ್ತವೆಂದು ಗಂಡ ಪೇಚಾಡುತ್ತಿದ್ದ. ಅದಕ್ಕೆಂದೇ ಒಂದು ಕಪ್ಪು ಸ್ಪಂಜು ಬರುತ್ತದೆ, ಎಲ್ಲಿಂದಲೋ ತರಿಸಬೇಕು, ತಿಂಗಳುಗಟ್ಟಲೆ ಕಾಯಬೇಕು ಎಂದು ರಾಗ ಎಳೆದಿದ್ದ. ಸ್ಪಂಜಿನಲ್ಲಿ ಕಪ್ಪೇನು, ಬಿಳಿಯೇನು? ಅವಳ ಹತ್ತಿರ ಕೋಟಿನ ಭುಜಕ್ಕೆ ಇಡುವ ಒಳ್ಳೇ ಸ್ಪಂಜು ಸುರುಳಿಗಟ್ಟಲೆ ಬಿದ್ದಿತ್ತು. ಎರಡು ಮಧ್ಯಾಹ್ನ ಕೂತು, ಡಬ್ಬದ ಅಳತೆಗೆ ಕತ್ತರಿಸಿ, ತಾನೇ ಒಂದೊಂದು ಚಿಪ್ಪನ್ನೂ ಅದರಲ್ಲಿ ಚುಚ್ಚಿ ನಿಲ್ಲಿಸಿದ್ದಳು. ಅವನು ಆ ದಿನ ಎಷ್ಟು ಖುಷಿಪಟ್ಟಿದ್ದನೆಂದರೆ ಹೊಸ ಕತ್ತರಿಯನ್ನೇ ತಂದುಕೊಟ್ಟಿದ್ದ. ಜಗಳ ಬಂದಾಗಲೆಲ್ಲ ಅವಳು ಈ ಉಪಕಾರವನ್ನು ಎತ್ತಿ ಆಡುತ್ತಿದ್ದಳು: ನಿಮ್ಮ ಜಿರಳೆಗಳಿಗೆ ಹಾಸಿಗೆ ಹಾಸಿಕೊಟ್ಟವಳು ನಾನು, ನೆನಪಿರಲಿ.

ಈಗಲೂ ಅದನ್ನೇ ಭೂತಗನ್ನಡಿಗೆ ಹೇಳಬೇಕೆಂದು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಅವನು ಮುಚ್ಚಳ ತೆಗೆದು, "ಅಯ್ಯೋ, ಇದನ್ನ ಇನ್ನೂ ಇಟ್ಕೊಂಡಿದಾರಾ?" ಎಂದ.

ಸ್ಪಂಜು ಸ್ಪಂಜಾಗಿ ಉಳಿದಿರಲಿಲ್ಲ. ಹಳದಿ ಬಣ್ಣದ ಅಂಟು ಅಂಟು ಪುಡಿಯಾಗಿತ್ತು. ಅವನು ಒಂದು ಚಿಪ್ಪನ್ನು ಎತ್ತಿದ. ಮೈ ಮಾತ್ರ ಕೈಗೆ ಬಂತು, ಕಾಲುಗಳೆಲ್ಲ ಕಪ್ಪಗೆ ಕೊಳೆತು ಅಲ್ಲೇ ಮುರಿದು ಉಳಿದವು. ಇನ್ನೊಂದನ್ನು ಎತ್ತಿದ, ಅದೂ ಹಾಗೆಯೇ.

"ಸಾಮಾನ್ಯ ಸ್ಪಂಜಲ್ಲಿ ಇಡಲೇಬಾರದು ಅಮ್ಮಾ," ಎಂದ ಅವನು. "ಹಳೇದಾದ್ರೆ ಕರಗತ್ತೆ. ಆಸಿಡ್ ಥರ ಕಾಲು ತಿಂದುಹಾಕತ್ತೆ. ಮೂರು ವರ್ಷದ ಹಿಂದೆ ನಿಮ್ಮವರು ಫೋನ್ ಮಾಡಿ ಅತ್ತೇಬಿಟ್ರು. ಏನಾದ್ರೂ ಉಪಾಯ ಇದೆಯಾ ಅಂತ. ಇಲ್ಲ ಅಂದೆ. ಯಾವ ಪುಣ್ಯಾತ್ಮ ಕೊಟ್ಟ ನಿಮಗೆ ಈ ಸ್ಪಂಜು ಅಂತ ಬೈದೆ. ಅವರು, ನಾನೇ ಮಾರ್ಕೆಟ್ಟಲ್ಲಿ ಅಗ್ಗಕ್ಕೆ ಸಿಕ್ತು ಅಂತ ತಂದಿದ್ದು ಅಂದ್ರು. ನೀವು ಮಾರ್ತೀವಿ ಅಂದಾಗ ಬೇರೆ ಮಾಲು ಇರಬೇಕು ಅಂದ್ಕೊಂಡೆ."

ಟೈಲರಮ್ಮ ಡಬ್ಬದೊಳಗೆ ನೋಡಿದಳು. ಪುಡಿಯಾಗದೆ ಉಳಿದ ಸ್ಪಂಜಿನ ಅಂಚಿನಲ್ಲಿ ಹಲ್ಲು ಹಲ್ಲಾಗಿ ಕತ್ತರಿಸಿದ ಗುರುತು ಇನ್ನೂ ಇತ್ತು. ಬಟ್ಟೆಯ ನೂಲು ಬಿಡದಂತೆ ಕತ್ತರಿಸುವ ಅಂಥ ಹಲ್ಲು ಕತ್ತರಿ ಈ ಬೀದಿಯಲ್ಲಿ ಇರುವುದು ಅವಳೊಬ್ಬಳ ಹತ್ತಿರ. ಮುಚ್ಚಳದ ಒಳಬದಿಗೆ ಚೀಟಿಯೊಂದು ಅಂಟಿತ್ತು. ಗಂಡನ ಗುಂಡಗಿನ ಅಕ್ಷರದಲ್ಲಿ 'ಕಾಲು ಹೋಗಿದೆ' ಎಂದು ಬರೆದು, ಕೆಳಗೆ ಮೂರು ವರ್ಷದ ಹಿಂದಿನ ತಾರೀಖು ಹಾಕಿತ್ತು. ಅವಳು ಇನ್ನೊಂದು ಡಬ್ಬ ತೆಗೆದಳು, ಮತ್ತೊಂದು ತೆಗೆದಳು. ಇಪ್ಪತ್ತೆರಡಕ್ಕೂ ಚೀಟಿ ಇತ್ತು.

ಭೂತಗನ್ನಡಿ ಒಂಬತ್ತು ಚಿಪ್ಪಿಗೆ ದುಡ್ಡು ಕೊಟ್ಟ. ಮಂಚಕ್ಕೆ ಸಾಕಾಗುವಷ್ಟು ಇತ್ತು. ಉಳಿದದ್ದನ್ನು ಕರಗಿಸುವವರು ತೂಕಕ್ಕೆ ತೆಗೆದುಕೊಂಡಾರು ಎಂದು ಹೇಳಿ ಹೊರಟುಹೋದ.

ಟೈಲರಮ್ಮನಿಗೆ ಮೊದಲು ಬಂದದ್ದು ಸಿಟ್ಟೇ. ಎಂಥ ಮನುಷ್ಯ ಇವನು? ಹೀಗಾಗಿದೆ ಎಂದು ಆಗಲೇ ಒಂದು ಮಾತು ಹೇಳಿದ್ದರೆ ಅವಳು ಒಂದು ದಿನ ಅತ್ತು, ಎರಡನೇ ದಿನ ಊಟ ಬಿಟ್ಟು, ಮೂರನೇ ದಿನ ಡಬ್ಬಗಳನ್ನು ಹೊರಗೆ ಹಾಕಿರುತ್ತಿದ್ದಳು. ಕೋಣೆ ಆಗಲೇ ಖಾಲಿಯಾಗುತ್ತಿತ್ತು. ಅದು ಬಿಟ್ಟು ಮೂರು ವರ್ಷ ಇನ್ನೆರಡು ವರ್ಷ, ಇನ್ನೆರಡು ವರ್ಷ ಎಂದು ಹೇಳಿಕೊಂಡು, ಅವಳ ಬಾಯಲ್ಲಿ ಸೋಮಾರಿ ಎನಿಸಿಕೊಂಡು, ದುರಾಸೆಯವನೆನಿಸಿಕೊಂಡು, ಇವತ್ತು ಬೆಳಿಗ್ಗೆ ಹೇಳಬಾರದ್ದನ್ನೆಲ್ಲ ಹೇಳಿಸಿಕೊಂಡು ಸುಮ್ಮನೆ ಹೋದನಲ್ಲ. ಹಾಸಿಗೆ ಹಾಸಿಕೊಟ್ಟವಳು ನಾನು ಎಂದು ಅವಳು ಎದೆ ತಟ್ಟಿಕೊಂಡಾಗಲೆಲ್ಲ ಈ ಮನುಷ್ಯ ಹೌದು, ಹೌದು ಎನ್ನುತ್ತಿದ್ದನಲ್ಲ. ಅವಳಿಗೆ ಹೇಳಲಾರದಷ್ಟು ನಾಚಿಕೆಯಾಯಿತು. ಅವನ ಮೇಲೆ ಬೇಡ ಬೇಡ ಎಂದರೂ ಪ್ರೀತಿ ಉಕ್ಕಿ ಬಂತು, ಅದಕ್ಕೆ ಇನ್ನೂ ಸಿಟ್ಟು ಬಂತು. ಬೈದು ಸಿಟ್ಟು ತೀರಿಸಿಕೊಳ್ಳಬಹುದಾದ ಗಂಡನ ಜೊತೆ ಇಷ್ಟು ವರ್ಷ ಹೇಗೋ ಬಾಳಿದ್ದಳು. ಇದನ್ನು ಏನು ಮಾಡುವುದು?

ಮಾಡುವುದಕ್ಕೆ ಕೈಗೆ ಕೆಲಸವಿತ್ತು, ಸದ್ಯ. ಡಬ್ಬಗಳನ್ನು ಎಳೆದು ಹಾಲ್‌ನ ಗೋಡೆಗೆ ಪೇರಿಸಿದಳು, ಖಾಲಿಯಾದ ಬೀರುಗಳನ್ನೂ ತಳ್ಳಿ ಅಲ್ಲಿಗೇ ಸರಿಸಿದಳು. ನೆಲ ಗುಡಿಸಿ, ಒರೆಸಿ, ಕಿಟಕಿ ತೆರೆದಳು. ಆ ಕಿಟಕಿ ತೆರೆಯುತ್ತದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು. ಮೂರು ಗಂಟೆಗೆ ಮಂಚ ಬಾಡಿಗೆಗೂ ಮಾರಾಟಕ್ಕೂ ಕೊಡುವ ಅಂಗಡಿಯವರು ಮಂಚವನ್ನು ತಂದು ಬಾಗಿಲ ಬಳಿ ಇಟ್ಟುಹೋದರು.

ಗಂಡ ಐದೂವರೆಗೆ ಬಂದ. ಬಾಗಿಲಲ್ಲೇ ನಿಂತು ಪೇರಿಸಿದ ಡಬ್ಬಗಳನ್ನು ನೋಡಿದ, ಖಾಲಿ ಕೋಣೆಯನ್ನು ನೋಡಿದ, ಕೊನೆಗೆ ಅವಳ ಮುಖ ನೋಡಿದ. ಗ್ರೀಸ್ ಹತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ನಿಂತ.

"ಭೂತಗನ್ನಡಿನ ಕರೆಸಿದ್ದೆ," ಎಂದಳು ಅವಳು. "ಆ ಸ್ಪಂಜು..."

"ನಾನೇ ತಂದಿದ್ದು," ಎಂದ ಅವನು, ಅವಳ ಮಾತು ಮುಗಿಯುವ ಮೊದಲೇ. "ನೀನು ಕೊಟ್ಟಿದ್ದು ಹಳೇದಾಯ್ತು ಅಂತ ತೆಗೆದುಬಿಟ್ಟಿದ್ದೆ. ಮಾರ್ಕೆಟ್ಟಲ್ಲಿ ಬೇರೆ ಸಿಕ್ತು, ಅಗ್ಗಕ್ಕೆ. ಅದನ್ನ ಹಾಕಿದ್ದೇ ತಪ್ಪಾಯ್ತು. ನಿಂದು ಚೆನ್ನಾಗೇ ಇತ್ತು."

ಸುಳ್ಳು ಹೇಳುವುದಕ್ಕೂ ಸ್ವಲ್ಪ ಜಾಣತನ ಬೇಕು. ಇವನಿಗೆ ಅದೂ ಇರಲಿಲ್ಲ. ತನ್ನ ಕತ್ತರಿಯ ಗುರುತನ್ನು ತೋರಿಸಿದರೆ ಆ ಸುಳ್ಳಿನ ಹೊಲಿಗೆ ಅಲ್ಲೇ ಪೂರ್ತಿ ಬಿಚ್ಚಿಕೊಳ್ಳುತ್ತಿತ್ತು. ಮೂರು ವರ್ಷದಿಂದ ಈ ಒಂದು ಉತ್ತರವನ್ನು ಬಾಯಿಪಾಠ ಮಾಡಿಕೊಂಡು, ಅವಳು ಕೇಳುವ ದಿನಕ್ಕೆ ಹೆದರಿಕೊಂಡೇ ಅವನು ಕಾದಿದ್ದ. ಈಗ ಅವಳು ನಂಬಿದಳೋ ಇಲ್ಲವೋ ಎಂದು ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದ.

ಟೈಲರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅಲ್ಲ ರೀ, ಅಗ್ಗಕ್ಕೆ ಸಿಕ್ತು ಅಂತ ಕಂಡ ಕಂಡ ಸ್ಪಂಜು ತರ್ತಾರಾ? ಮನೇಲಿ ಟೈಲರ್ ಹೆಂಡ್ತಿ ಇಟ್ಕೊಂಡು, ಒಂದು ಮಾತು ಕೇಳಬಾರದಿತ್ತಾ?"

"ಕೇಳಬೇಕಿತ್ತು," ಎಂದ ಅವನು.

"ಬುದ್ಧಿ ಇದ್ರೆ ತಾನೆ ಕೇಳೋದು. ನಿಂತು ಏನು ನೋಡ್ತೀರ, ಮಂಚ ಹಿಡೀರಿ."

ಅವನು ಮಂಚದ ಆ ತುದಿ ಹಿಡಿದ, ಅವಳು ಈ ತುದಿ. ಬಾಗಿಲು ದಾಟಿಸುವಾಗಲೂ, ಗೋಡೆಗೆ ಸರಿಸುವಾಗಲೂ ಅವಳು ಮಾರ್ಕೆಟ್ಟಿನ ಸ್ಪಂಜಿಗಾಗಿ ಅವನನ್ನು ಬೈಯುತ್ತಲೇ ಇದ್ದಳು. ಅವನು ಒಂದಕ್ಕೂ ಎದುರಾಡದೆ, ಎಷ್ಟೋ ದಿನದ ಮೇಲೆ ಹಗುರಾದ ಮುಖದಲ್ಲಿ, ಹೌದು, ನನ್ನದೇ ತಪ್ಪು ಎನ್ನುತ್ತಾ ಮಂಚವನ್ನು ಕಿಟಕಿಯ ಕಡೆಗೆ ತಿರುಗಿಸಿದ.