ಆರನೇ ಸಾಲಿನ ಯಜಮಾನರು

ಪವಿತ್ರಾಳ ಬಂಡಿ ಒಮ್ಮೆ ಮೇಷ್ಟ್ರ ಎದುರಿಗೇ ಅವಳ ಮಾನ ಕಳೆದಿತ್ತು. ರೋಬೊಟಿಕ್ಸ್‌ನಲ್ಲಿ ಎಂ.ಟೆಕ್ ಓದುವ ಹುಡುಗಿ. ಹೊಗೆಸೊಪ್ಪಿನ ಸಾಲುಗಳ ನಡುವೆ ತಾನೇ ದಾರಿ ನೋಡಿಕೊಂಡು ಕಳೆ ಕೆರೆಯುತ್ತಾ ಹೋಗುವ ನಾಲ್ಕು ಚಕ್ರದ ಬಂಡಿ ಕಟ್ಟಿದ್ದಳು. ಅದು ಸಾಲು ತಪ್ಪುತ್ತಿರಲಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇ ತಿಂಗಳ ಪರೀಕ್ಷೆಯಲ್ಲಿ ಅಡ್ಡ ನಿಲ್ಲಿಸಿದ್ದ ರಟ್ಟಿನ ಮನುಷ್ಯನನ್ನು ಕೆಡವಿಕೊಂಡೇ ಹೋಯಿತು. ಗೈಡ್ ಶಿವಶಂಕರ್ ಕನ್ನಡಕ ಒರೆಸಿಕೊಳ್ಳುತ್ತಾ, "ಮನುಷ್ಯ ಕಾಣದ ಯಂತ್ರಕ್ಕೆ ನಾನು ಸಹಿ ಹಾಕಲ್ಲಮ್ಮ," ಎಂದರು. ಉಳಿದದ್ದು ಇನ್ನೊಂದೇ ಅವಕಾಶ. ಅದೂ ಕೈಬಿಟ್ಟರೆ ಪದವಿ ಒಂದು ವರ್ಷ ಮುಂದಕ್ಕೆ.

ಈ ಕಥೆ ಕೇಳಿದಂದಿನಿಂದ ಅವಳವ್ವ ಸೋಮಮ್ಮ ಬಂಡಿಯಿಂದ ನಾಲ್ಕು ಮಾರು ದೂರವೇ ಓಡಾಡುತ್ತಿದ್ದಳು.

ಎರಡನೇ ಪರೀಕ್ಷೆ ಬಿಳಿಕೆರೆ ಪಕ್ಕದ ಪವಿತ್ರಾಳ ಮನೆಯವರ ಸ್ವಂತ ಹೊಲದಲ್ಲಿ. ಹಿಂದಿನ ಸಂಜೆ ಬಂಡಿ ಆರು ಸಾಲನ್ನೂ ಎಲ್ಲೂ ಎಡವದೆ ಮುಗಿಸಿತು. ಅರ್ಧ ಊರು ಬದುವಿನ ಮೇಲೆ ನಿಂತು ನೋಡಿತು. "ಎಲ್ಲಾರೂ ಬಾಯಿ ಬುಟ್ಕಂಡು ನೋಡ್ತಾವ್ರೆ ಕಣವ್ವ. ನಂಗ್ಯಾಕೋ ಸರಿ ಕಾಣ್ತಿಲ್ಲ," ಎಂದಳು ಸೋಮಮ್ಮ. ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಓದಿದವರಿಗೆ ಅವ್ವಂದಿರ ಮಾತು ಕೇಳಿಸುವುದು ಎಲ್ಲ ಮುಗಿದ ಮೇಲೆಯೇ.

ಬೆಳಿಗ್ಗೆ ಶಿವಶಂಕರ್ ಬಂದರು. ಬಂಡಿ ಐದು ಸಾಲನ್ನು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಮುಗಿಸಿ, ಆರನೆಯದರ ನಡುವೆ ಗಕ್ಕನೆ ನಿಂತಿತು. ಪವಿತ್ರಾ ಹಿಂದಕ್ಕೆ ಕರೆಸಿ ಮತ್ತೆ ಬಿಟ್ಟಳು. ಮತ್ತೆ ಅಲ್ಲೇ ನಿಂತಿತು. ಮೂರನೇ ಸಲವೂ ಅಷ್ಟೇ. ಲ್ಯಾಪ್‌ಟಾಪಿನಲ್ಲಿ ನೋಡಿದರೆ 'ಎದುರಿಗೆ ಮನುಷ್ಯ' ಎಂದು ಕೆಂಪಕ್ಷರ. ಹೊಲದಲ್ಲಿ ನರಪಿಳ್ಳೆಯೂ ಇಲ್ಲ.

ಪವಿತ್ರಾ ಆ ಕೆಂಪಕ್ಷರವನ್ನೇ ಮತ್ತೆ ಓದಿದಳು. ಅಂದು ಇದ್ದವನು ಕಾಣಲಿಲ್ಲ, ಇಂದು ಇಲ್ಲದವನು ಕಾಣುತ್ತಿದ್ದಾನೆ. ಎರಡು ತಿಂಗಳು ನಿದ್ದೆಗೆಟ್ಟು ತಿದ್ದಿದ್ದೆಲ್ಲ ನೀರಿನಲ್ಲಿ ಹೋಮ. "ಸಾರ್, ಸೊಪ್ಪನ್ನೇ ಮನುಷ್ಯ ಅಂದ್ಕೊಳ್ತಿದೆ ಅನ್ಸುತ್ತೆ," ಎಂದಳು.

"ಅದಿರಲಮ್ಮ, ಮೊದಲು ಆ ಯಜಮಾನರಿಗೆ ಪಕ್ಕಕ್ಕೆ ಬರೋಕೆ ಹೇಳು. ಆಗಿನಿಂದ ಬಿಸಿಲಲ್ಲೇ ನಿಂತಿದ್ದಾರೆ, ಪಾಪ."

"ಯಾವ ಯಜಮಾನ್ರು ಸಾರ್?"

ಅವರು ಕೈ ತೋರಿಸಿದರು. ಆರನೇ ಸಾಲಿನ ನಡುವೆ, ಅಪ್ಪನ ಗೀಟುಗೀಟಿನ ಅಂಗಿ ತೊಟ್ಟು, ಮಡಕೆ ತಲೆಗೆ ಟವೆಲ್ ಸುತ್ತಿಕೊಂಡು ಬೆದರುಬೊಂಬೆ ಬೆರ್ಚಪ್ಪ ನಿಂತಿದ್ದ. ಹೊಲದಲ್ಲೇ ಹುಟ್ಟಿ ಬೆಳೆದವರಿಗೆ ಬೆರ್ಚಪ್ಪ ಕಾಣುವುದಿಲ್ಲ. ಪಟ್ಟಣದ ಮೇಷ್ಟ್ರಿಗೆ ಕಂಡಿದ್ದ, ಬಂಡಿಗೂ ಕಂಡಿದ್ದ.

ಸೋಮಮ್ಮ ಸೆರಗಿನ ತುದಿ ಹಿಂಡುತ್ತಾ ಮುಂದೆ ಬಂದಳು. "ನಾನೇ ಕಣ್ರೀ ಕೋಳಿ ಕೂಗೋ ವೊತ್ಗೆ ನಿಲ್ಸಿದ್ದು. ಮಗೀನ ಬಂಡಿಗೆ ದೃಷ್ಟಿ ಆಗ್ಬಾರ್ದು ಅಂತ. ಕೆಲ್ಸ ಕೆಡಿಸ್ಬುಟ್ನಾ?"

ಶಿವಶಂಕರ್ ನಕ್ಕರು. "ನಾನೇ ಅದನ್ನ ಮನುಷ್ಯ ಅಂತ ನಂಬಿದ್ದೆ, ತಾಯಿ. ಬಂಡಿ ಮೂರು ಸಲವೂ ನಿಂತಿತು. ನನಗೆ ಬೇಕಾಗಿದ್ದೂ ಅದೇ." ಜೇಬಿನಿಂದ ಪೆನ್ನು ತೆಗೆದು, ಬದುವಿನ ಮೇಲೆ ಕುಳಿತೇ ಸಹಿ ಹಾಕಿದರು.

ಪವಿತ್ರಾಳಿಗೆ ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು. ನಗು ಬಂತು, ಹಿಂದೆಯೇ ಅಳುವೂ ಬಂತು. ಎರಡನ್ನೂ ತಡೆಯಲಿಲ್ಲ.

ಅಷ್ಟರಲ್ಲಿ ಸೋಮಮ್ಮ ಬೆರ್ಚಪ್ಪನನ್ನು ಕಿತ್ತುತರಲು ಸಾಲಿಗೆ ಇಳಿದಿದ್ದಳು. ಅವನನ್ನು ಹೆಗಲಿಗೆ ಹಾಕಿಕೊಂಡು ತಿರುಗಿದರೆ ಬಂಡಿ ಒಂದು ಮಾರು ದೂರದಲ್ಲಿತ್ತು. ಅವಳು ಕಾಲು ಕೀಳದೆ ನಿಂತಳು. ಬಂಡಿಯೂ ಅಲ್ಲಾಡಲಿಲ್ಲ. ಅವಳು ಮೆಲ್ಲಗೆ ಪಕ್ಕದ ಸಾಲಿಗೆ ದಾಟಿದ ಮೇಲೆ ಗುಂಯ್ ಎನ್ನುತ್ತಾ ಹೊರಟು ತನ್ನ ಆರನೇ ಸಾಲು ಮುಗಿಸಿತು.

"ನಂಗೂ ನಿಂತ್ಕತು ಕಣವ್ವ," ಎಂದಳು ಸೋಮಮ್ಮ.