ಒಂಬತ್ತನೆಯ ಕಲ್ಲು

ನಕ್ಷೆಯ ಮೇಲೆ ಫ್ಯಾನಿನ ನೆರಳು ಸುತ್ತುತ್ತಿದೆ, ನೀರು ಸುಳಿಯುವ ಹಾಗೆ, ಛೆ, ನೀರಲ್ಲ, ಇದು ಮಹಾನಗರದ ಸುರಂಗ ರೈಲು ನಿಲ್ದಾಣ, ನೆಲದಿಂದ ಹದಿನಾರು ಮೀಟರ್ ಕೆಳಗೆ ಪ್ಲಾಟ್‌ಫಾರಂ, ಅದರ ಮೇಲೆ ಟಿಕೆಟ್ ಅಂತಸ್ತು, ಅದರ ಮೇಲೆ ರಸ್ತೆ, ಇಳಿಯುವುದಕ್ಕೆ ಇಷ್ಟಗಲದ ದಾರಿ, ಏರುವುದಕ್ಕೆ ಮಾತ್ರ ಯಾಕೋ ಎಲ್ಲರಿಗೂ ಜಿಪುಣತನ — ಜೆಯಂತಿ ಪೆನ್ಸಿಲನ್ನು ಬಡಗಣ ತುದಿಗೆ ತರುತ್ತಾಳೆ, ನಿನ್ನೆಯವರೆಗೆ ಅಲ್ಲಿ ಅವಳೇ ಬರೆದ ತುರ್ತು ಮೆಟ್ಟಿಲಿತ್ತು, ಇವತ್ತು ಅಂಗಡಿ ಸಾಲು. ದಿಂಡಿಗಲ್ಲಿನ ಈ ಕಚೇರಿಯ ಕಿಟಕಿಯಾಚೆ ಬೀಗ ಮಾಡುವವರು ಅರ ಉಜ್ಜುತ್ತಿದ್ದಾರೆ, ಕರ್ ಕರ್, ಅಂದು ಬಾವಿಯಲ್ಲಿ ಹಾರೆ ಕಲ್ಲಿಗೆ ತಾಗಿದಾಗಲೂ ಹೀಗೇ ಕೇಳಿತ್ತು. ಮಾಲೀಕ ಅಜಿತ್‌ಕುಮಾರ್ ಬಾಗಿಲಲ್ಲಿ ನಿಂತಿದ್ದಾನೆ, ಒರು ಕೈಯೆಳುತ್ತು ತಾನೆ ಮೇಡಂ, ಒಂದು ಸಹಿ ತಾನೆ, ನಡುವೆ ಎರಡು ಮೆಟ್ಟಿಲಿದೆಯಲ್ಲ, ಆ ತುದಿಗೆ ಯಾರು ಹೋಗುತ್ತಾರೆ, ಮೂರು ಗಂಟೆಗೆ ಕಳಿಸಬೇಕು. ಗೊತ್ತಿಲ್ಲದವರು ಹೋಗುತ್ತಾರೆ, ಗೊತ್ತಿಲ್ಲದವರೇ ಹೋಗುವುದು, ತೇವಾರ ಊರಿನ ತಾತನ ತೋಟದ ಬಾವಿಗೂ ಗೊತ್ತಿಲ್ಲದವಳೇ ಹೋದದ್ದು, ಗೋಡೆಯಿಂದ ಮೊಳದುದ್ದ ಚಾಚಿದ ಕಲ್ಲುಗಳೇ ಅಲ್ಲಿ ಮೆಟ್ಟಿಲು, ಒಟ್ಟು ಒಂಬತ್ತು, ಒಂಬತ್ತನೆಯದು ನೀರಿಗೆ ಗೇಣು ಮೇಲೆ, ಕರುಪ್ಪಾಯಿ ಅತ್ತೆ ಆ ಬಾವಿಯಲ್ಲಿ ಬಿದ್ದು ಸತ್ತ ಮೂರನೆಯ ದಿನ ಅಳಗರ್ ತಾತ ಹಾರೆ ಹಿಡಿದು ಇಳಿದು ಆ ಕಲ್ಲನ್ನು ಕಿತ್ತು ನೀರಿಗೆ ಕೆಡವಿ ಗುಳಿಗೆ ಗಾರೆ ಮೆತ್ತಿದ, ಮನೆತನದ ರೂಢಿ, ಬಾವಿಯಲ್ಲಿ ಸತ್ತವರು ಏರಿ ಬರಬಾರದು. ಕಲ್ಲು ಹೋದದ್ದ ಬಾಯಲ್ಲಿ ಆಡಬ್ಯಾಡ ಪುಳ್ಳೆ, ಆಡಬ್ಯಾಡ ಮಗಾ, ಅವ್ಳು ಕೇಳಿಸ್ಕತ್ತಾಳೆ, ಬೇರೆ ದಾರಿ ಹುಡುಕ್ತಾಳೆ, ಅಂದಿದ್ದ ತಾತ. ಜೆಯಂತಿಗೆ ಆಗ ಹನ್ನೆರಡು ವರ್ಷ, ಮಾತು ಕೇಳುವ ಹುಡುಗಿ, ಆಡಲಿಲ್ಲ.

ಮಾತು ಬೆಳ್ಳಿ ಮೌನ ಬಂಗಾರ ಅನ್ನುವವರನ್ನೆಲ್ಲ ಒಂದು ಸಲ ಆ ಬಾವಿಗೆ ಇಳಿಸಬೇಕು — ಬೇಸಿಗೆ ರಜೆಗೆ ಉತ್ತಮಪಾಳಯದ ಮಾವನ ಮನೆಯಿಂದ ತಂಗಿ ಜೀವಾ ಬಂದಳು, ಅಲ್ಲೇ ಓದುತ್ತಿದ್ದವಳು, ಮೀನಿನಂತೆ ಈಜುವವಳು, ಬಸ್ಸಿಳಿದು ಚೀಲ ಬಿಸಾಕಿ ಬಾವಿಯ ಕಟ್ಟೆ ಹತ್ತಿದಳು, ಧುಮುಕುವ ಮೊದಲು ತಿರುಗಿ ನೋಡಿ ನಕ್ಕಳು, ಹೇಳುವುದಕ್ಕೆ ಆ ನಗುವಿನಷ್ಟು ಹೊತ್ತು ಸಾಕಿತ್ತು, ನಾಲಗೆ ಏಳಲಿಲ್ಲ. ಈಜು ಬಲ್ಲವರು ಎಷ್ಟು ಹೊತ್ತು ಈಜುತ್ತಾರೆ, ಎಂಟನೆಯ ಕಲ್ಲು ಕೈಗೆಟುಕದು, ಸುತ್ತ ಪಾಚಿಗೋಡೆ, ಅಕ್ಕಾ ಕಲ್ಲೆಲ್ಲಿ, ಅಕ್ಕಾ ಇಲ್ಲೇ ಇತ್ತಲ್ಲ, ಒದ್ದೆ ಅಂಗೈಯೊಂದು ಬೋಳು ಗಾರೆಯನ್ನು ತಡವುತ್ತದೆ, ಜೆಯಂತಿ ಓಡುತ್ತಾಳೆ, ಬಾಳೆಯ ಸಾಲು ಮುಗಿಯುವುದೇ ಇಲ್ಲ, ತಾತ ಹಗ್ಗ ತರುವಷ್ಟರಲ್ಲಿ ನೀರು ಸುಮ್ಮನಾಗಿತ್ತು. ಮೂರನೆಯ ದಿನ ಅದೇ ತಾತ, ಅಳುತ್ತಲೇ, ಮತ್ತೆ ಹಾರೆ ಎತ್ತಿಕೊಂಡ, ಎಂಟನೆಯದಕ್ಕೆ. ಜೆಯಂತಿ ಆಗಲೂ ಬಾಯಿ ಬಿಡಲಿಲ್ಲ, ಇಪ್ಪತ್ತಾರು ವರ್ಷ ಯಾರ ಹತ್ತಿರವೂ ಬಿಟ್ಟಿಲ್ಲ, ಊರೂರಿಗೆ ಮೆಟ್ಟಿಲು ಬರೆದುಕೊಟ್ಟಿದ್ದಾಳೆ, ಅಷ್ಟೆ. ಮೇಡಂ, ಸಹಿ. ಮೆಟ್ಟಿಲು ತೆಗೆದಿದ್ದೀರಿ ಅಂತ ಆ ತುದಿಯಲ್ಲಿ ನಿಂತವರಿಗೆ ಯಾರು ಹೇಳ್ತಾರೆ ಸಾರ್ — ಇದು ಯಾರ ದನಿ, ತನ್ನದೇ, ಇಷ್ಟು ಜೋರಾಗಿ, ನಾ ಹಾಕಲ್ಲ ಸಾರ್, ಬೇರೆಯವರ ಹತ್ರ ಹಾಕಿಸ್ಕೊಳ್ಳಿ. ರಬ್ಬರು ಅಂಗಡಿ ಸಾಲನ್ನು ಉಜ್ಜುತ್ತದೆ, ಪೆನ್ಸಿಲು ಮೇಲಿನಿಂದ ಮೆಟ್ಟಿಲು ಎಳೆಯುತ್ತದೆ, ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು, ಮುಂದಿನ ಗೆರೆ, ಎಳಿ, ಎಳೆಯೇ — ಬಿಳಿ ಹಾಳೆಯ ಮೇಲೆ ಒದ್ದೆ ಅಂಗೈ, ತಡವುತ್ತಿದೆ, ಇಲ್ಲೇ ಇತ್ತಲ್ಲ, ತಡವುತ್ತಿದೆ