ಗೋಡೆಗೆ ಇಟ್ಟ ಕೆನ್ನೆ

ಹಿತ್ತಲಿಗೆ ಬೆಳಗು ಬಂದಿತ್ತು, ಬಿಸಿಲು ಬಂದಿರಲಿಲ್ಲ. ಹೊಸದಾಗಿ ಹಾಸಿದ ಬೂದುಗಲ್ಲುಗಳ ಮೇಲೆ ಇಬ್ಬನಿ ತೆಳುವಾಗಿ ಕೂತಿತ್ತು. ಕಲ್ಲುಗಳ ನಡುವಿನ ಸಂದುಗಳಲ್ಲಿ ಸಿಮೆಂಟಿನ ಗೆರೆಗಳು ಇನ್ನೂ ಹಸಿಯೇನೋ ಎಂಬಷ್ಟು ಕಪ್ಪಗಿದ್ದವು. ಅರ್ಧಚಂದ್ರಾಕಾರದಲ್ಲಿ ಇಟ್ಟ ಬೆತ್ತದ ಕುರ್ಚಿಗಳೆಲ್ಲ ಜನ ಸೇರದ ಸಭೆಯಂತೆ ಒಂದೇ ಕಡೆ ಮುಖ ಮಾಡಿದ್ದವು. ಆ ಕಡೆ, ಮನೆಯ ಹಿಂಗೋಡೆಗೆ ಬೆನ್ನೊತ್ತಿ, ಇಟ್ಟಿಗೆಯ ಅಗ್ಗಿಷ್ಟಿಕೆ ನಿಂತಿತ್ತು. ಅದರ ಬಾಯಿ ಇನ್ನೂ ಮಸಿ ಕಂಡಿರಲಿಲ್ಲ. ಒಳಗೆ ಒಂದೇ ಒಂದು ಒಣ ಎಲೆ. ಗಾಳಿಯಿಲ್ಲದ್ದರಿಂದ ಅದಕ್ಕೂ ಅಲುಗುವ ಕೆಲಸವಿರಲಿಲ್ಲ. ಮೇಲೆ ಚಿಮಣಿ ಸೂರಿನ ಅಂಚು ದಾಟಿ, ಏನನ್ನೋ ಹೇಳಹೊರಟು ಮರೆತವರ ಹಾಗೆ, ಆಕಾಶಕ್ಕೆ ಕತ್ತು ಚಾಚಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ತಾತ ಇದನ್ನೆಲ್ಲ ನೋಡುತ್ತಿದ್ದರು. ಅವರು ನೋಡುತ್ತಿದ್ದದ್ದು ಅದರ ಅಂದವನ್ನಲ್ಲ. ಅಗ್ಗಿಷ್ಟಿಕೆಯ ಬೆನ್ನಿಗೂ ಮನೆಯ ಗೋಡೆಗೂ ನಡುವೆ ಇರಬೇಕಾಗಿದ್ದ, ಈಗ ಇಲ್ಲದ, ಒಂದು ಗೇಣು ಜಾಗವನ್ನು.

ಆ ಮನೆಯಲ್ಲಿ ಅವರು ತಾತ ಆದದ್ದು ಮೊಮ್ಮಗಳು ಹುಟ್ಟಿದ ಮೇಲೆ. ಹಾಗೆ ಕರೆಯಬೇಕಾದವಳಿಗೆ ಇನ್ನೂ ಮಾತು ಬಂದಿರಲಿಲ್ಲ. ಉಳಿದವರೆಲ್ಲ ಅವಳ ಪರವಾಗಿ ಕರೆಯುತ್ತಿದ್ದರು. ಅದಕ್ಕೂ ಮೊದಲು ಅವರು ಅಗ್ನಿಶಾಮಕ ದಳದಲ್ಲಿದ್ದವರು, ಕಂಡವರ ಮನೆಯ ಬೆಂಕಿಗೆ ಓಡಿ ಓಡಿಯೇ ಕೂದಲು ನರೆತವರು. ಉರಿಯುತ್ತಿದ್ದ ಗೋದಾಮೊಂದರ ಕಬ್ಬಿಣದ ಬಾಗಿಲು ಅವರ ಎರಡೂ ಅಂಗೈಗಳ ಸ್ಪರ್ಶವನ್ನು ಕಸಿದುಕೊಂಡಿತ್ತು. ಬಿಸಿ, ತಂಪು ಎಂಬುದು ಆ ಕೈಗಳಿಗೆ ಈಗ ಪರವೂರಿನ ಸುದ್ದಿ. ಮಗುವಿನ ಹಾಲಿನ ಸೀಸೆಯನ್ನು ಸಹ ಅವರು ಕೆನ್ನೆಗೆ ಒತ್ತಿಕೊಂಡೇ ಹದ ನೋಡುತ್ತಿದ್ದರು. ಮಗಳು ಕೆಲಸಕ್ಕೆ ಮರಳಿದಂದಿನಿಂದ ಮಗು ಅವರ ಪಾಲಿಗೇ ಬಂದಿತ್ತು. ಹೆಂಡತಿ ಹೋದ ಮೇಲೆ ಬರಿದಾಗಿದ್ದ ಹಗಲುಗಳನ್ನು ಒಂದು ತೊಟ್ಟಿಲು ತುಂಬಿತ್ತು. ಈ ಮನೆಯಲ್ಲಿ ಅವರಿಗೆ ಬೇಕಾಗಿದ್ದದ್ದು ಅಷ್ಟೆ, ಆ ತೊಟ್ಟಿಲ ಪಕ್ಕದ ಒಂದು ಕುರ್ಚಿ.

ಆ ಕುರ್ಚಿಯ ಕಾಲು ಈಗ ಅಲುಗಾಡುತ್ತಿತ್ತು. ತಪ್ಪು ಅವರದೇ. ಎದುರುಮನೆಯ ವಕೀಲರ ಕಿಟಕಿಯಲ್ಲಿ ಹೊಗೆ ಕಂಡಿತೆಂದು ಒಮ್ಮೆ ತಮ್ಮ ಹಳೆಯ ಠಾಣೆಗೆ ಫೋನು ಮಾಡಿಬಿಟ್ಟಿದ್ದರು. ಕೆಂಪು ವಾಹನ ಗಂಟೆ ಬಾರಿಸುತ್ತ ಬಂದು ನಿಂತಾಗ ವಕೀಲರು ಸೀದ ಹಾಲಿನ ಪಾತ್ರೆ ಹಿಡಿದು ಬಾಗಿಲಿಗೆ ಬಂದರು. ಅಂದಿನಿಂದ ಬೀದಿಗೆಲ್ಲ ಅವರು ‘ಗಂಟೆ ತಾತ’. ಇನ್ನೊಮ್ಮೆ ಅಳಿಯನ ಕಚೇರಿಯವರು ಊಟಕ್ಕೆ ಕೂತಿದ್ದಾಗ, ವೈರು ಸುಟ್ಟ ವಾಸನೆಯೆಂದು ಮೇನ್ ಸ್ವಿಚ್ಚು ಇಳಿಸಿ ಮನೆಯನ್ನೆಲ್ಲ ಕತ್ತಲು ಮಾಡಿದರು. ವಾಸನೆ ಒಬ್ಬ ಅತಿಥಿಯ ಸಿಗರೇಟಿನದು. ಆ ದಿನ ಮಗಳು ಅತ್ತಳು. “ಇನ್ನೊಂದು ಸಲ ಹೀಗೇನಾದ್ರೂ ಆದ್ರೆ ನಾನೇ ಪೆಟ್ಟಿಗೆ ಕಟ್ಕೊಂಡು ನನ್ನ ತಂಗಿ ಮನೆಗೆ ಹೋಗ್ತೀನಿ ಕಣಮ್ಮ. ಇದು ನನ್ನ ಮಾತು,” ಎಂದು ಅವರೇ ಹೇಳಿದ್ದರು. ಬೇಡ ಮಾವ ಎಂದು ಅಳಿಯ ಹೇಳಲಿಲ್ಲ.

ಅಳಿಯ ಕೆಟ್ಟವನಲ್ಲ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ, ಯಾರಾದರೂ ಬಂದರೆ ತಾನೆದ್ದು ಹೊರಗೆ ಹೋಗಬೇಕಾಗಿದ್ದ ಮನೆಯಲ್ಲಿ ಬೆಳೆದವನು. ನಾಲ್ಕು ಜನರನ್ನು ಕೂರಿಸಿಕೊಂಡು ಬೆಂಕಿಯ ಸುತ್ತ ಹರಟುವ ಜಾಗವನ್ನು ಅವನು ಎಷ್ಟೋ ವರ್ಷಗಳಿಂದ ಮನಸ್ಸಿನೊಳಗೆ ಕಟ್ಟುತ್ತ ಬಂದಿದ್ದ. ಮೇಸ್ತ್ರಿ ಮೊದಲು ಗುರುತು ಹಾಕಿದ್ದು ಗೋಡೆಯಿಂದ ಒಂದು ಗೇಣು ದೂರಕ್ಕೇ. ಆದರೆ ಕುರ್ಚಿಗಳನ್ನು ಇಟ್ಟು ನೋಡಿದಾಗ ಕೂತವರ ಬೆನ್ನು ಕಾಂಪೌಂಡಿಗೆ ತಾಗಿತು, ಮಂಡಿ ಬೆಂಕಿಯ ಬಾಯಿಗೆ ಬಂತು.

“ಗೋಡೆಗೇ ಅಂಟಿಸ್ಬಿಡಿ ಮೇಸ್ತ್ರಿ. ಒಂದು ಗೇಣಲ್ಲಿ ಏನು ಮಹಾ ಇದೆ?” ಅಂದಿದ್ದ ಅಳಿಯ.

“ಗೋಡೆ ಇಟ್ಟಿಗೇದೇ ತಾನೆ, ನಡೆಯುತ್ತೆ,” ಅಂದಿದ್ದ ಮೇಸ್ತ್ರಿ.

“ಗೋಡೆ ಇಟ್ಟಿಗೇದು ಸರಿ. ಅದರೊಳಗೆ ತಲೆ ಇಟ್ಕೊಂಡು ಮಲಗಿದೆಯಲ್ಲ ತೊಲೆ, ಅದು ಮರದ್ದು,” ಅಂದಿದ್ದರು ತಾತ.

ಗೋಡೆಯ ಆಚೆ ಮಗುವಿನ ಕೋಣೆ. ಅದರ ಸೂರನ್ನು ಹೊತ್ತ ಹಳೆಯ ತೊಲೆಯ ಒಂದು ತುದಿ ಅದೇ ಗೋಡೆಯೊಳಗೆ ಹೂತಿತ್ತು, ಸರಿಯಾಗಿ ಅಗ್ಗಿಷ್ಟಿಕೆಯ ಕೊರಳಿನ ಎತ್ತರಕ್ಕೆ. ತೊಲೆಯ ಕೆಳಗೆ ತೊಟ್ಟಿಲು.

“ಮಾವ, ಮಧ್ಯೆ ಅಷ್ಟು ಇಟ್ಟಿಗೆ ಇದೆ. ನೀವು ಬೆಂಕಿಪೊಟ್ಟಣ ಕಂಡ್ರೂ ಬಕೆಟ್ ಹುಡುಕೋರು!”

ಎಲ್ಲರೂ ನಕ್ಕರು. ತಾತನೂ ನಕ್ಕರು, ಆ ಮನೆಯಲ್ಲಿ ಉಳಿಯಬೇಕಾದರೆ ಸ್ವಲ್ಪ ನಗಬೇಕಾಗುತ್ತಿತ್ತು. ತೊಟ್ಟಿಲನ್ನಾದರೂ ಆಚೆ ಗೋಡೆಗೆ ಸರಿಸು ಎಂದು ಮಗಳನ್ನು ಕೇಳಿದರು. “ಆ ಕಡೆ ಕಿಟಕಿ ಅಪ್ಪ. ಚಳಿಗಾಳಿ ನೇರ ಮಗು ಮೇಲೇ ಬೀಸುತ್ತೆ. ಬೇಸಿಗೆ ಬರ್ಲಿ, ನೋಡೋಣ,” ಅಂದಳು ಅವಳು.

ಇಂದು ಮೊದಲ ಬೆಂಕಿ. ಸಂಜೆಗೆ ಕೆಂಡ ಚೆನ್ನಾಗಿ ಕೂತಿರಬೇಕೆಂದು ಅಳಿಯ ಮಧ್ಯಾಹ್ನವೇ ಕಟ್ಟಿಗೆ ಒಟ್ಟಿ ಹಚ್ಚಿದ. ಒಣ ಎಲೆ ಮೊದಲು ಹೊತ್ತಿತು. ಹೊಗೆ ಒಮ್ಮೆ ತಡವರಿಸಿ, ದಾರಿ ಕಂಡುಕೊಂಡು, ಚಿಮಣಿಯಿಂದ ನೆಟ್ಟಗೆ ಮೇಲೇರಿದಾಗ ಅವನು ಎಳೆಯ ಹುಡುಗನಂತೆ ಚಪ್ಪಾಳೆ ತಟ್ಟಿದ. ತಾತ ಒಳಗೆ ಹೋಗಿ ತೊಟ್ಟಿಲ ಪಕ್ಕ ಕೂತರು. ಗೋಡೆಗೆ ಕೆನ್ನೆ ಇಟ್ಟು ನೋಡಿದರು. ತಣ್ಣಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಮತ್ತೆ ಇಟ್ಟು ನೋಡಿದರು. ತಣ್ಣಗಿರಲಿಲ್ಲ. ಬೆಚ್ಚಗಿದೆ ಎನ್ನಲೂ ಆಗದು. ಈಗಷ್ಟೇ ಯಾರೋ ಎದ್ದು ಹೋದ ಕುರ್ಚಿಯಂತಿತ್ತು.

ಅತಿಥಿಗಳು ಬಂದರು. ಕುರ್ಚಿಗಳು ಕಲ್ಲಿನ ಮೇಲೆ ಸರಿದವು, ಲೋಟಗಳು ಸದ್ದು ಮಾಡಿದವು. “ಏನ್ ಸ್ವಾಮಿ, ನಿಮ್ಮ ಮಾವನೋರಿಗೆ ರಜೆ ಕೊಟ್ಟಿದ್ದೀರಾ ಇವತ್ತು?” ಎಂಬ ವಕೀಲರ ದನಿ ಗೋಡೆ ದಾಟಿ ಒಳಬಂತು, ಅದರ ಹಿಂದೆಯೇ ನಗು. ಮಗು ನಿದ್ದೆಯಲ್ಲಿ ತುಟಿ ಚಪ್ಪರಿಸಿತು. ತಾತ ಮೂರನೆಯ ಸಲ ಕೆನ್ನೆ ಇಟ್ಟರು. ಗೋಡೆ ಹಾಲಿನ ಸೀಸೆಯ ಹದಕ್ಕೆ ಬಂದಿತ್ತು. ಸ್ಟೂಲು ಎಳೆದು ಹತ್ತಿ, ತೊಲೆ ಗೋಡೆಯೊಳಗೆ ಸೇರುವ ಜಾಗಕ್ಕೆ ಮುಖ ಒಡ್ಡಿದರು. ಅಲ್ಲಿ ಕೆನ್ನೆ ನಿಲ್ಲಲಿಲ್ಲ.

ಮಗಳನ್ನು ಕೂಗಿದರು. ಅವಳು ತಟ್ಟೆಗಳನ್ನು ಹಿಡಿದುಕೊಂಡೇ ಬಂದಳು.

“ಬೆಚ್ಚಗಿದೆ ಅಪ್ಪ. ಆ ಕಡೆ ಬೆಂಕಿ ಹಚ್ಚಿದ್ರೆ ಈ ಕಡೆ ಬೆಚ್ಚಗಾಗಲ್ವಾ?”

“ಮೇಲೆ ಮುಟ್ಟು. ತೊಲೆ ಹತ್ರ.”

ಅದು ಅವಳ ಕೈಗೆ ನಿಲುಕಲಿಲ್ಲ. ಸ್ಟೂಲು ಹತ್ತುವಷ್ಟರಲ್ಲಿ ಹೊರಗಿನಿಂದ ಗಂಡ ಕರೆದ. “ಅಪ್ಪ, ಇವತ್ತೊಂದು ದಿನ. ದಮ್ಮಯ್ಯ,” ಎಂದು ಅವಳು ಹೊರಟುಹೋದಳು.

ತಾತ ಮೂಗನ್ನು ತೊಲೆಗೆ ಹಚ್ಚಿ ಉಸಿರೆಳೆದರು. ವಾಸನೆ ಇತ್ತು, ಅಥವಾ ಇದ್ದದ್ದು ಹಳೆಯ ವಾಸನೆಗಳ ನೆನಪು. ಸಿಗರೇಟನ್ನು ವೈರು ಎಂದ ಮೂಗು ಇದು. ಸೀದ ಹಾಲನ್ನು ಬೆಂಕಿ ಎಂದ ಕಣ್ಣು. ಕೈಗಳಂತೂ ಸಾಕ್ಷಿ ಹೇಳುವುದನ್ನು ಬಿಟ್ಟು ಕಾಲವಾಗಿತ್ತು. ಉಳಿದದ್ದು ಒಂದು ಕೆನ್ನೆ. ಅದನ್ನು ನಂಬಿ ಎದ್ದರೆ ತೊಟ್ಟಿಲ ಪಕ್ಕದ ಕುರ್ಚಿ ಹೋಗುತ್ತದೆ; ನಂಬದೆ ಕೂತರೆ ಏನು ಹೋಗುತ್ತದೆಂಬುದನ್ನು ಯೋಚಿಸಲು ಮನಸ್ಸು ಒಪ್ಪಲಿಲ್ಲ. ಮರದೊಳಗಿನ ಬೆಂಕಿ ಅವಸರದ್ದಲ್ಲ, ಅದು ಅವರಿಗೆ ಗೊತ್ತಿತ್ತು. ಹೊರಗಿನ ಕೆಂಡ ಬೂದಿಯಾಗಿ, ಬಂದವರು ಹೋಗಿ, ಮನೆಮಂದಿ ಮಲಗುವ ತನಕ ಅದು ಕಾಯುತ್ತದೆ.

ಮಗುವನ್ನು ಎತ್ತಿ ಮುಂದಿನ ಕೋಣೆಯ ಮಂಚದ ಮೇಲೆ ದಿಂಬುಗಳ ನಡುವೆ ಮಲಗಿಸಿ, ಹಿತ್ತಲಿಗೆ ಬಂದರು.

“ಸಾಕು ಮಾಡೋಣ. ಕೆಂಡ ಈಚೆಗೆ ಎಳೆದುಬಿಡಿ. ಗೋಡೆ ಕಾದಿದೆ.”

“ಬಂತು ನೋಡಿ ಗಂಟೆ!” ಅಂದರು ವಕೀಲರು. ನಗು ಕುರ್ಚಿಯಿಂದ ಕುರ್ಚಿಗೆ ಹಾಯಿತು. ಮಗಳು ಮಾತ್ರ ನಗಲಿಲ್ಲ.

ಅಳಿಯನ ಮುಖದಲ್ಲಿ ನಗು ಇತ್ತು, ಕಣ್ಣಿನಲ್ಲಿರಲಿಲ್ಲ. “ಮಾವ, ಒಳಗೆ ಹೋಗಿ. ಚಳಿ ಇದೆ.”

“ನೋಡಿ, ನಾನು ತಮಾಷೆಗೆ ಹೇಳ್ತಿಲ್ಲ.”

“ನಾನೂ ಅಷ್ಟೆ.” ಅವನು ಬಗ್ಗಿ, ರಾಶಿಯಲ್ಲಿದ್ದ ಎಲ್ಲಕ್ಕಿಂತ ದಪ್ಪನೆಯ ಕೊರಡನ್ನು ಆರಿಸಿ ಬೆಂಕಿಯ ಮೇಲೆ ಇಟ್ಟ. ಕಿಡಿಗಳು ಎದ್ದು ಚಿಮಣಿಯತ್ತ ಓಡಿದವು.

ಆ ಕೊರಡೇ ತೀರ್ಮಾನ ಮಾಡಿತು. ನಲ್ಲಿಯ ಕೆಳಗೆ, ಗಿಡಗಳಿಗೆಂದು ತುಂಬಿಟ್ಟ ಬಕೆಟ್ಟು ಇತ್ತು. ತಾತನ ತೋಳುಗಳಿಗೆ ಮರೆತಿರದ ಕೆಲಸ ಅದು. ನೀರು ಅಗ್ಗಿಷ್ಟಿಕೆಯ ಬಾಯಿಗೆ ಬಿದ್ದೊಡನೆ ಬಿಳಿಯ ಹಬೆ ಬುಸ್ಸೆಂದು ಹಿಂದಕ್ಕೆ ನುಗ್ಗಿತು. ಬೂದಿ ಎಲ್ಲರ ಬಟ್ಟೆಯ ಮೇಲೆ, ಕಾಫಿಯ ಮೇಲೆ ಇಳಿಯಿತು. ಕುರ್ಚಿಯೊಂದು ಮಗುಚಿತು. ಮತ್ತು ಕಾದ ಇಟ್ಟಿಗೆಯ ಒಡಲಿನಲ್ಲಿ, ಎಲ್ಲರಿಗೂ ಕೇಳಿಸುವಂತೆ, ಏನೋ ಬಿರಿಯಿತು.

ಮುಂದಿನ ಕೋಣೆಯಲ್ಲಿ ಮಗು ಅಳತೊಡಗಿತು. ಅತಿಥಿಗಳು ಬಟ್ಟೆ ಕೊಡವಿಕೊಳ್ಳುತ್ತ, ನೋಡಬಾರದ್ದನ್ನು ನೋಡಿದವರಂತೆ ತಲೆತಗ್ಗಿಸಿ ಹೊರಟರು. ಅಳಿಯ ಬಿರುಕಿನ ಮೇಲೆ ಬೆರಳಾಡಿಸಿದ. ಅವನು ಕೂಗಾಡಿದ್ದರೆ ತಾತನಿಗೆ ಹಗುರವಾಗುತ್ತಿತ್ತು.

“ನಾಳೆ ಮೇಸ್ತ್ರೀನ ಕರೆಸ್ತೀನಿ,” ಅಂದ ಮೆಲ್ಲಗೆ. “ಗೋಡೆ ಒಡೆಸ್ತೀನಿ. ನೋಡೇಬಿಡೋಣ.”

ಮರುದಿನ ಮೇಸ್ತ್ರಿ ಉಳಿ ಸುತ್ತಿಗೆ ಹಿಡಿದು ಬಂದ. ಮಗುವನ್ನು ಮಗಳು ಹೊರಗೆ ಎತ್ತಿಕೊಂಡು ನಿಂತಳು. ಗಾರೆ ಉದುರಿತು, ಇಟ್ಟಿಗೆಗಳು ಒಂದೊಂದಾಗಿ ಈಚೆ ಬಂದವು, ತೊಲೆಯ ತುದಿ ಕಾಣಿಸಿತು. ಕಂದು ಬಣ್ಣ. ಕಪ್ಪಲ್ಲ, ಹೊಸ ಮರದ ಬಣ್ಣವೂ ಅಲ್ಲ.

“ಹಳೇ ಮರ,” ಅಂದ ಮೇಸ್ತ್ರಿ ಒಬ್ಬರ ಮುಖವನ್ನೂ ನೋಡದೆ. “ಮೊದಲಿಂದ ಹೀಗೇ ಇದ್ದಿರಬಹುದು. ನಿನ್ನೆ ಬಿಸಿಗೆ ಹೀಗಾಗಿರಲೂಬಹುದು. ನನ್ನ ಬಾಯಿಂದ ಹೇಳಿಸ್ಬೇಡಿ ಸ್ವಾಮಿ, ಕಟ್ಟಿದೋನು ನಾನೇ.”

ಅಳಿಯ ತಾತನ ಕಡೆ ತಿರುಗಿದ. ರಾತ್ರಿ ನಿದ್ದೆಯಿಲ್ಲದ ಕಣ್ಣು. “ನೀವೇ ಹೇಳಿ ಮಾವ. ಜೀವಮಾನವೆಲ್ಲ ಸುಟ್ಟ ಮರ ನೋಡ್ದೋರು. ನೀವು ಏನಂದ್ರೂ ಒಪ್ಕೋತೀನಿ. ಇದು ಸುಟ್ಟಿದ್ದಾ?”

ಬಾಗಿಲಾಚೆಯಿಂದ ಮಗಳು ಅವರನ್ನೇ ನೋಡುತ್ತಿದ್ದಳು. ಹೂಂ ಅನ್ನಿ ಅಪ್ಪ ಎಂದು ಆ ಕಣ್ಣುಗಳು ಕೇಳುತ್ತಿದ್ದವು. ಒಂದು ಹೂಂ. ಯಾರೂ ಎದುರಾಡುವಂತಿರಲಿಲ್ಲ. ತೊಟ್ಟಿಲು, ಕುರ್ಚಿ, ಹಾಲಿನ ಸೀಸೆ, ಮೊದಲ ಸಲ ತಾತ ಎಂದು ಕರೆಯುವ ಬಾಯಿ, ಎಲ್ಲವೂ ಆ ಒಂದು ಸದ್ದಿನೊಳಗಿದ್ದವು.

ಅವರು ಮೇಸ್ತ್ರಿಯ ಉಳಿಯನ್ನು ಇಸಿದುಕೊಂಡು ಸ್ಟೂಲು ಹತ್ತಿದರು. ತೊಲೆಯ ತುದಿಯನ್ನು ಕೆರೆದರು. ಕೆಳಗೂ ಅದೇ ಕಂದು. ಇನ್ನಷ್ಟು ಕೆರೆದರು. ಅದರ ಕೆಳಗೂ ಅದೇ. ಶಾಖದ ಬಣ್ಣ ಮೇಲ್ಮೈಗೆ ಕೂತಿರುತ್ತದೆ. ಇಷ್ಟು ಒಳಕ್ಕೆ ಇಳಿಯುವುದು ವಯಸ್ಸಿನ ಬಣ್ಣ. ಪುಡಿಯನ್ನು ಮೂಸಿದರು. ಬರೀ ಮರ.

“ಸುಟ್ಟಿಲ್ಲ,” ಅಂದರು. “ಹಳೇ ಬಣ್ಣ.”

ಸ್ಟೂಲು ಇಳಿದು ಉಳಿಯನ್ನು ಮೇಸ್ತ್ರಿಗೆ ಕೊಟ್ಟರು. ಆಮೇಲೆ ಮಗಳು ಕೇಳಿದಳು, “ಆರಿಸದೇ ಬಿಟ್ಟಿದ್ರೆ ಅಪ್ಪ?”

“ಗೊತ್ತಿಲ್ಲ ಕಣಮ್ಮ. ಅದನ್ನ ಈ ಮರಾನೂ ಹೇಳಲ್ಲ.”

ಪೆಟ್ಟಿಗೆ ಕಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಗಳು ಬಂದು ಮಡಿಸಿದ ಅಂಗಿಗಳನ್ನು ಹೊರಕ್ಕೆ ತೆಗೆದಿಟ್ಟಳು. ಅವರು ಮತ್ತೆ ಒಳಗಿಟ್ಟರು.

“ಯಾರೂ ನಿಮ್ಮನ್ನ ಹೋಗಿ ಅಂದಿಲ್ಲ.”

“ನಾನು ಅಂದಿದ್ದೆನಲ್ಲ. ಈಗ ಮಾತು ನುಂಗ್ಕೊಂಡು ಕೂತ್ರೆ, ನಾಳೆ ತೊಲೆ ನಿಜವಾಗ್ಲೂ ಹೊತ್ಕೊಂಡಾಗ ನನ್ನ ಮಾತು ಯಾರು ಕೇಳ್ತಾರೆ ಹೇಳು?”

“ನಾಳೆ ನೀವು ಇಲ್ಲಿದ್ರೆ ತಾನೇ ಅಪ್ಪ!” ಅಂದಳು ಅವಳು. ಕೋಪದ ಮಾತು ಅರ್ಧದಲ್ಲೇ ಒಡೆಯಿತು. ಅವರು ಪೆಟ್ಟಿಗೆಯ ಮುಚ್ಚಳ ಒತ್ತಿ ಹಾಕಿದರು.

ಹೊರಡುವ ಮುನ್ನ ಮಗುವನ್ನು ನೋಡಲು ಹೋದರು. ಗೋಡೆಯಲ್ಲಿ ಬಾಯ್ದೆರೆದ ತೂತು ಹಾಗೆಯೇ ಇತ್ತು. ಅದರ ಕೆಳಗೆ ತೊಟ್ಟಿಲು ಇರಲಿಲ್ಲ. ಅದು ಆಚೆ ಗೋಡೆಯ ಬಳಿ, ಕಿಟಕಿಯ ಕೆಳಗೆ ನಿಂತಿತ್ತು. ಗಾಳಿ ನುಗ್ಗದಂತೆ ಕಿಟಕಿಗೆ ಉಣ್ಣೆಯ ಶಾಲೊಂದನ್ನು ಬಿಗಿದು ಕಟ್ಟಲಾಗಿತ್ತು. ಅಳಿಯ ಚಳಿಗೆ ಹೊದೆಯುತ್ತಿದ್ದ ಶಾಲು. ಗಂಟುಗಳು ಒರಟಾಗಿದ್ದವು, ಇಂಥ ಕೆಲಸದ ಅಭ್ಯಾಸವಿಲ್ಲದ ಕೈಯವು. ತಾತ ಅವುಗಳನ್ನು ಬಿಚ್ಚಿ ಸರಿಮಾಡಲು ಹೋಗಲಿಲ್ಲ. ಬಗ್ಗಿ, ಮಲಗಿದ್ದ ಮಗುವಿನ ಹಣೆಗೆ ಕೆನ್ನೆ ತಾಗಿಸಿದರು. ಎಷ್ಟು ಬಿಸಿ ಇರಬೇಕೋ ಅಷ್ಟೇ ಇತ್ತು.

ಮುಂಬಾಗಿಲಲ್ಲಿ ಅಳಿಯ ಅವರ ಪೆಟ್ಟಿಗೆ ಹಿಡಿದು ನಿಂತಿದ್ದ. ಕೊಡಲೋ ಬೇಡವೋ ಎಂಬಂತೆ ಒಂದು ಗಳಿಗೆ ಹಿಡಿದೇ ಇದ್ದ. “ಬಸ್ಸು ಸಿಗುತ್ತಾ ಮಾವ ಈಗ?” ಅಂದ.

“ಸಿಗದೇ ಏನು,” ಎಂದು ತಾತ ಪೆಟ್ಟಿಗೆ ತೆಗೆದುಕೊಂಡರು. ಅವನ ಬೆರಳುಗಳು ಅವರ ಅಂಗೈಗೆ ತಾಗಿದವು. ಬೆಚ್ಚಗಿದ್ದವೋ ತಣ್ಣಗಿದ್ದವೋ ಅವರಿಗೆ ತಿಳಿಯಲಿಲ್ಲ.

ಮೆಟ್ಟಿಲಿಳಿದರು. ಗೇಟಿನ ಹತ್ತಿರ ಬಂದಾಗ ಹಿಂದೆ ಬಾಗಿಲು ಮುಚ್ಚಿಕೊಂಡಿತು, ಒಳಗೆ ಮಗು ಮಲಗಿದೆ ಎಂದು ಬಲ್ಲ ಕೈ ಮುಚ್ಚುವಷ್ಟು ಮೆತ್ತಗೆ.